ಕುಡಿಕೆಯಲ್ಲಿ ಉಳಿದ ಬೀಜ

“ಲೆಕ್ಕ ಸರಿಯಾಗಿದೆ ಎಂದು ಹೇಳಿದ ಮೇಲೂ ನೀವು ಹೆಸರು ಕೇಳುತ್ತೀರಿ. ಅದು ಯಾಕೆ ಗುರುಗಳೇ?”

ಕೇಳಿದವನು ಮುರಿಗೆಯ್ಯ. ಮಠದ ದಾಸೋಹದ ಹೊಣೆ ಅವನದು. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಅವನು ಹಿತ್ತಲಿಗೆ ಹೋಗಿ, ಉಂಡು ಬಿಸಾಡಿದ ಎಲೆಗಳನ್ನು ಎಣಿಸುತ್ತಿದ್ದ. ಬಂದು ‘ಎಲ್ಲರೂ ಉಂಡರು’ ಎಂದು ಒಪ್ಪಿಸುತ್ತಿದ್ದ. ಗುರುಗಳು ‘ಯಾರ್ಯಾರು ಉಂಡರು?’ ಎಂದು ಕೇಳುತ್ತಿದ್ದರು. ಆಗ ಅವನು ಕೋಣೆ ಕೋಣೆಗೂ ಹೋಗಿ ಒಬ್ಬೊಬ್ಬರ ಮುಖ ನೋಡಿಕೊಂಡು ಬರಬೇಕಾಗುತ್ತಿತ್ತು. ಹಿಂದಿನ ಸಾಲಿನ ಕೋಣೆಗಳಲ್ಲಿ ಕಾಲು ಸೋತ ಮುದುಕರಿದ್ದರು, ಕಾಯಿಲೆಯವರಿದ್ದರು; ಅವರ ಎಲೆ ಕೋಣೆಗೇ ಹೋಗುತ್ತಿತ್ತು. ಅಲ್ಲಿಯ ಓಡಾಟ ಬೇಗ ಮುಗಿಯುತ್ತಿರಲಿಲ್ಲ.

ಅಂದು ಬಿಸಿಲು ಜೋರಾಗಿತ್ತು. ಕಂಬಳಿ ಮಾರುವವನೊಬ್ಬ ಮಠಕ್ಕೆ ಬಂದು ಹೋಗಿದ್ದ. ಅವನು ಕೊಟ್ಟ ಹೊಸ ಕಂಬಳಿಯನ್ನು ಜಗಲಿಯ ಮೇಲೆ ಹಾಸಿಕೊಂಡು ಗುರುಗಳು ಕೂತಿದ್ದರು.

“ಉಂಡವನು ಎಲೆ ಬಿಡುತ್ತಾನೆ,” ಎಂದ ಮುರಿಗೆಯ್ಯ. “ಎಲೆಯ ಲೆಕ್ಕ ಸರಿ ಬಂದರೆ ಉಂಡವರ ಲೆಕ್ಕವೂ ಸರಿ. ಮತ್ತೆ ಮುಖ ಯಾಕೆ ನೋಡಬೇಕು?”

ಗುರುಗಳು ಎದುರಿಗೆ ಕೂರುವಂತೆ ಕೈ ತೋರಿಸಿದರು. ಮುರಿಗೆಯ್ಯ ಕೂತ ಮೇಲೆ ಹೇಳತೊಡಗಿದರು.

ಒಂದು ದೊಡ್ಡ ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಬೇಸಿಗೆಯಲ್ಲಿ ಹೊಳೆ ಸೊರಗುತ್ತಿತ್ತು. ನಡುವೆ ಉದ್ದನೆಯ ಮಳಲದಿಬ್ಬ ಏಳುತ್ತಿತ್ತು. ಊರಿನವರು ಆ ಮಳಲಿನಲ್ಲಿ ಗುಣಿ ತೋಡಿ ಕಲ್ಲಂಗಡಿ, ಸೌತೆ ಹಾಕುತ್ತಿದ್ದರು. ಬೆಳಿಗ್ಗೆ ಅಂಬಿಗ ಅವರನ್ನು ಹರಿಗೋಲಿನಲ್ಲಿ ದಾಟಿಸುತ್ತಿದ್ದ. ಹೊತ್ತು ಮುಳುಗುವುದರೊಳಗೆ ಹಿಂದಕ್ಕೆ ಕರೆತರುತ್ತಿದ್ದ. ಕತ್ತಲಾದ ಮೇಲೆ ದಿಬ್ಬದ ಮೇಲೆ ಒಂದು ಜೀವವೂ ಇರಬಾರದು. ಅದು ಆ ಹೊಳೆಯ ಕಟ್ಟಳೆ. ಬೇಸಿಗೆಯ ಕೊನೆಯಲ್ಲಿ ಮೇಲಿನ ಸೀಮೆಗೆ ಮಳೆ ಹಿಡಿದರೆ, ಇಲ್ಲಿ ಒಂದು ಹನಿ ಬೀಳದಿದ್ದರೂ ಹೊಸ ನೀರು ಬಂದುಬಿಡುತ್ತದೆ. ಬರುವ ಮೊದಲು ಅದು ಯಾರಿಗೂ ಹೇಳಿಕಳಿಸುವುದಿಲ್ಲ.

ಅಂಬಿಗನ ತಂದೆಯೂ ಅಂಬಿಗನೇ. ಆತ ದಿನದ ಕೊನೆಯ ಸಲ ದಿಬ್ಬಕ್ಕೆ ಹೋದಾಗ ಹರಿಗೋಲು ಇಳಿದು, ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ನಡೆಯುತ್ತಿದ್ದ. ಇನ್ನೂ ದಾಟದೆ ಉಳಿದ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗುತ್ತಿದ್ದ. ಓ ಎಂದವರನ್ನು ಹರಿಗೋಲಿಗೆ ಕಳಿಸುತ್ತಿದ್ದ, ಓ ಎನ್ನದವರನ್ನು ಹುಡುಕುತ್ತಿದ್ದ. ದಣಿದು ಕೂತವರು ಗೊಣಗುತ್ತಿದ್ದರು. “ಮಾವಾ, ನಿನ್ನ ಕೂಗು ಮುಗಿಯೂದರಾಗ ನಮ್ಮ ಸೌತಿಕಾಯಿ ಹಣ್ಣಾಗಿ ಹೋಕ್ಕಾವ, ಬಾ ಇನ್ನ,” ಎಂದು ಚೇಷ್ಟೆ ಮಾಡುತ್ತಿದ್ದರು. ಆತ ನಗುತ್ತಿದ್ದ. ಕೂಗುವುದನ್ನು ಮಾತ್ರ ಬಿಡಲಿಲ್ಲ.

ತಂದೆ ತೀರಿಕೊಂಡ ಮೇಲೆ ಹರಿಗೋಲು ಮಗನದಾಯಿತು. ಮಗ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಆದರೆ ಅವನ ಕಾಲಕ್ಕೆ ದಾಟುವವರು ಹೆಚ್ಚಾಗಿದ್ದರು. ಒಂದು ಹರಿಗೋಲಿಗೆ ಸಾಗದೆ, ಅವನ ಹೆಂಡತಿಯ ತಮ್ಮ ಇನ್ನೊಂದು ಹರಿಗೋಲು ಇಟ್ಟ. ಅಂಬಿಗ ದಿಬ್ಬದ ಮೇಲಿನ ತುದಿಯವರನ್ನು ದಾಟಿಸುತ್ತಿದ್ದ, ಭಾವಮೈದ ಕೆಳಗಿನ ತುದಿಯವರನ್ನು. ಬೆಳಿಗ್ಗೆ ಇವನ ಹರಿಗೋಲಿನಲ್ಲಿ ಹೋದವರು ಸಂಜೆ ಅವನದರಲ್ಲಿ ಬರುತ್ತಿದ್ದರು. ಯಾರು ಬಂದರು, ಯಾರು ಉಳಿದರು ಎಂದು ನೆನಪಿಡುವುದು ಕಷ್ಟವಾಯಿತು. ಅಂಬಿಗ ಒಂದು ಉಪಾಯ ಮಾಡಿದ.

ದಡದ ಹೊಂಗೆಮರಕ್ಕೆ ಕಿರಿದಾದ ಬಾಯಿಯ ಒಂದು ಮಣ್ಣಿನ ಕುಡಿಕೆಯನ್ನು ತೂಗುಹಾಕಿದ. ಮರದ ಬುಡದಲ್ಲಿ ಒಂದು ಬುಟ್ಟಿ ಹುಣಸೆ ಬೀಜ ಇಟ್ಟ. ಬೆಳಿಗ್ಗೆ ಹರಿಗೋಲು ಹತ್ತುವವರು ತಲೆಗೊಂದರಂತೆ ಬೀಜವನ್ನು ಕೈಯಾರೆ ಕುಡಿಕೆಗೆ ಹಾಕಬೇಕು. ಸಂಜೆ ಇಳಿದವರು ತಲೆಗೊಂದರಂತೆ ಹೊರಗೆ ತೆಗೆದು ಬುಟ್ಟಿಗೆ ಹಾಕಬೇಕು. ಕೊನೆಗೆ ಅಂಬಿಗ ಕುಡಿಕೆಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಾನೆ. ಸದ್ದು ಬಂದರೆ ದಿಬ್ಬದ ಮೇಲೆ ಯಾರೋ ಉಳಿದಿದ್ದಾರೆ. ಸದ್ದಿಲ್ಲದಿದ್ದರೆ ಎಲ್ಲರೂ ಈಚೆ ಬಂದಿದ್ದಾರೆ.

ಊರು ಮೆಚ್ಚಿತು. ಊರ ಗೌಡ ತಾನೇ ಬಂದು ಕುಡಿಕೆಯನ್ನು ಕುಲುಕಿ ನೋಡಿದ.

“ನಿಮ್ಮಪ್ಪ ಗಂಟಲ ಹರಕೊಂಡು ಸತ್ತ. ನೀ ಕುಡಿಕಿ ಕೈಲೆ ಕೂಗಸ್ತಿ. ಭಲೆ ಮಗನ!” ಎಂದ.

ಮೆಚ್ಚದವಳು ಒಬ್ಬಳೇ, ಅಂಬಿಗನ ತಾಯಿ. ಆಕೆ ಊರಿನ ಸೂಲಗಿತ್ತಿ. ಆ ಊರಿನ ಓಣಿಗಳಲ್ಲಿ ಓಡಾಡುವ ಮಕ್ಕಳೆಲ್ಲ ಮೊದಲು ಬಿದ್ದದ್ದು ಆಕೆಯ ಕೈಗೇ. ಹೆರಿಗೆ ಇಲ್ಲದ ದಿನಗಳಲ್ಲಿ ಆಕೆಯೂ ದಿಬ್ಬಕ್ಕೆ ಹೋಗುತ್ತಿದ್ದಳು. ಅಲ್ಲಿ ಆಕೆಯದೊಂದು ಸೌತೆಬಳ್ಳಿಯ ಸಾಲು ಇತ್ತು. ಮೊದಲ ದಿನ ಬೀಜವನ್ನು ಬೆರಳ ತುದಿಯಲ್ಲಿ ಹಿಡಿದು ಮಗನನ್ನು ಕೇಳಿದಳು.

“ಬೀಜ ಎಣಿಸಿ ಹಡೆದವ್ವನ ಗುರ್ತ ಹಿಡೀತೀ ಏನೋ?”

“ಗುರ್ತ ಯಾಕ ಬೇಕಬೇ? ನಿನ್ನ ಬೀಜ ಒಳಗ ಇರೂತನ ನಾ ಹೊಳಿ ಬಿಟ್ಟು ಮನೀಗೆ ಹೋಗಂಗಿಲ್ಲ. ಸಾಕಿಲ್ಲೇನು?” ಎಂದ ಅಂಬಿಗ.

ತಾಯಿ ನಕ್ಕು ಬೀಜ ಹಾಕಿದಳು. ಕುಡಿಕೆಯನ್ನು ಆಕೆ ನಂಬಲಿಲ್ಲ. ಮಗನ ಮಾತನ್ನು ನಂಬಿದಳು.

ಕುಡಿಕೆ ಒಮ್ಮೊಮ್ಮೆ ತಪ್ಪುತ್ತಿತ್ತು. ಒಂದು ಸಂಜೆ ಒಂದು ಬೀಜ ಉಳಿಯಿತು. ಅಂಬಿಗ ಗಾಬರಿಬಿದ್ದು ದಿಬ್ಬಕ್ಕೆ ಹೋಗಿ ಮೂಲೆಮೂಲೆ ಹುಡುಕಿದ. ಯಾರೂ ಇರಲಿಲ್ಲ. ತಲೆಯ ಮೇಲೆ ಹೊರೆ ಹೊತ್ತು ಅವಸರದಲ್ಲಿ ನಡೆದ ಒಬ್ಬಳು ಬೀಜ ತೆಗೆಯಲು ಮರೆತಿದ್ದಳು. ಇನ್ನೊಂದು ಸಂಜೆ ಬೀಜ ಮೊದಲೇ ತೀರಿಹೋಯಿತು, ಇಳಿದವನಿಗೆ ತೆಗೆಯಲು ಬೀಜವೇ ಇರಲಿಲ್ಲ. ಬೆಳಿಗ್ಗೆ ಯಾರು ಹಾಕದೆ ಹೋಗಿದ್ದರೋ, ಯಾರಿಗೆ ಗೊತ್ತು? ಮತ್ತೊಮ್ಮೆ ಉಳಿದಾಗ ಅಂಬಿಗ ದಿಬ್ಬಕ್ಕೆ ಹೋಗಲಿಲ್ಲ, ದಡದಲ್ಲೇ ನಿಂತು ಎರಡು ಸಲ ಕೂಗಿ ನೋಡಿದ. ಅದರ ಮುಂದಿನ ಸಲ ಕೂಗಲೂ ಇಲ್ಲ. ಉಳಿದ ಬೀಜವನ್ನು ತೆಗೆದು ಬುಟ್ಟಿಗೆ ಹಾಕಿದ. ಮರುದಿನ ಎಲ್ಲರೂ ಊರಿನಲ್ಲಿ ಓಡಾಡುತ್ತಿದ್ದರು. ಲೆಕ್ಕ ಹೊಂದದಿದ್ದರೆ ತಪ್ಪು ಕುಡಿಕೆಯದು, ಅದನ್ನು ಸರಿಮಾಡಿದರೆ ಆಯಿತು ಎಂಬುದು ಅವನಿಗೆ ಹೀಗೆ ಅಭ್ಯಾಸವಾಯಿತು.

ಬೇಸಿಗೆಯ ಕೊನೆ ಬಂತು. ಒಂದು ಬೆಳಿಗ್ಗೆ ಒಬ್ಬ ತುಂಬಿದ ಬಸುರಿ, ತನ್ನ ಗಂಡ ಮತ್ತು ಅತ್ತೆಯ ಜೊತೆ ದಿಬ್ಬಕ್ಕೆ ದಾಟಿದಳು. ಹೆರಿಗೆಗೆ ಇನ್ನೂ ದಿನವಿದೆ ಎಂದು ಅವಳು ತಿಳಿದಿದ್ದಳು. ಮೂವರೂ ಮೂರು ಬೀಜ ಹಾಕಿದರು. ಅಂಬಿಗನ ತಾಯಿಯೂ ಅಂದು ದಾಟಿದಳು, ತನ್ನ ಬೀಜ ಹಾಕಿದಳು.

ಬಿಸಿಲು ನೆತ್ತಿಗೆ ಬಂದಾಗ ಬಸುರಿಗೆ ನೋವು ಎದ್ದಿತು. ಹರಿಗೋಲು ಹತ್ತಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಸೂಲಗಿತ್ತಿ ಅಲ್ಲೇ ಇದ್ದಳಲ್ಲ, ಅದೇ ದೊಡ್ಡ ಪುಣ್ಯ. ಬಳ್ಳಿ ಕಾಯುವ ಚಪ್ಪರಕ್ಕೆ ಸೀರೆ ಮರೆಮಾಡಿ ಗಂಡಸರನ್ನು ಆಚೆ ಕಳಿಸಿದಳು. ಬಿಸಿಲು ಇಳಿಯುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು. ಹೆಣ್ಣು ಕೂಸು. ತಾಯಿ ಸುಖವಾಗಿದ್ದಳು. ದಿಬ್ಬದ ಮೇಲಿದ್ದವರೆಲ್ಲ ಕೆಲಸ ಬಿಟ್ಟು ನಿಂತು ನಕ್ಕರು. ಮಳಲಿನ ಮೇಲೆ ಮನುಷ್ಯರ ಕೂಸು ಹುಟ್ಟಿದ್ದನ್ನು ಆ ಊರಿನಲ್ಲಿ ಯಾರೂ ಕೇಳಿರಲಿಲ್ಲ.

ಮೇಲಿನ ತುದಿಯ ಉಳಿದವರನ್ನು ದಾಟಿಸಿದ ಮೇಲೆ ಅಂಬಿಗ ಅಲ್ಲಿಗೆ ಕೊನೆಯ ಸಲ ಹರಿಗೋಲು ತಂದು ನಿಲ್ಲಿಸಿದ. ಬಾಣಂತಿಯನ್ನು ಗಂಡ ಎತ್ತಿ ಕೂರಿಸಿದ. ಅತ್ತೆ ಕೂಸನ್ನು ಎದೆಗವಚಿಕೊಂಡು ಹತ್ತಿದಳು. ಅಂಬಿಗ ಸುತ್ತ ನೋಡಿದ.

“ಅವ್ವ ಎಲ್ಲಿ?”

“ಮಾಸು ಹೂಳಾಕ ಹೋಗ್ಯಾಳ,” ಎಂದಳು ಬಾಣಂತಿಯ ಅತ್ತೆ. “ಆ ತುದಿಗೆ ನಿನ್ನ ಭಾವಮೈದ ಅದಾನಲ್ಲ, ಅವನ ಹರಿಗೋಲಿನಾಗ ಬರ್ತಾಳಂತ. ನಡಿ ತಮ್ಮಾ, ಕೂಸಿಗೆ ಗಾಳಿ ಹತ್ತತೈತಿ.”

ಕೂಸಿನ ಹಿಂದೆ ಬಿದ್ದ ಮಾಸನ್ನು ಸೂಲಗಿತ್ತಿಯೇ ಹೂಳಬೇಕು. ನರಿ ಕೆದಕದಷ್ಟು ಆಳವಾಗಿ, ಬೆಳೆಯಿಂದ ದೂರದಲ್ಲಿ ಹೂಳಿ, ಹೊಳೆಯಲ್ಲಿ ಮೈ ತೊಳೆದುಕೊಂಡೇ ಬರಬೇಕು. ಅಂಬಿಗನಿಗೆ ಅದು ಗೊತ್ತಿತ್ತು. ಕೆಳಗಿನ ತುದಿಯ ಕಡೆ ನೋಡಿದ. ಭಾವಮೈದನ ಹರಿಗೋಲು ಆಗಲೇ ನಡುಹೊಳೆಯಲ್ಲಿತ್ತು. ತುಂಬ ಜನರಿದ್ದರು. ಇಳಿಬಿಸಿಲು ನೀರಿನ ಮೇಲೆ ಹೊಳೆದು, ಅದರಲ್ಲಿ ಯಾರ್ಯಾರಿದ್ದಾರೆ ಎಂದು ಕಾಣಿಸಲಿಲ್ಲ. ಆ ಗುಂಪಿನಲ್ಲಿ ತಾಯಿಯೂ ಇರಬೇಕು ಎಂದುಕೊಂಡು ಅಂಬಿಗ ಹುಟ್ಟು ಹಾಕಿದ.

ದಡ ಸೇರುವ ಹೊತ್ತಿಗೆ ಭಾವಮೈದ ತನ್ನ ಜನರನ್ನು ಇಳಿಸಿ, ಹರಿಗೋಲನ್ನು ತಲೆಯ ಮೇಲೆ ಬೋರಲು ಹೊತ್ತು ಏರಿ ಹತ್ತಿ ಹೋಗಿದ್ದ. ಅವನ ಜನ ಬೀಜ ತೆಗೆದು ಬುಟ್ಟಿಗೆ ಹಾಕಿದ್ದರು. ಕೆಲವು ಹೆಂಗಸರು ಕೂಸನ್ನು ನೋಡಲು ಮರದ ಕೆಳಗೆ ಕಾದಿದ್ದರು. ಅವರೆಲ್ಲ ಒಮ್ಮೆಗೇ ಮುತ್ತಿಕೊಂಡರು. ಮೂಗು ಯಾರದು, ಹಣೆ ಯಾರದು ಎಂದು ಮಾತು ನಡೆಯಿತು. ಬಾಣಂತಿಯ ಗಂಡ ಮೂರು ಬೀಜ ತೆಗೆದ, ತನಗೊಂದು, ಹೆಂಡತಿಗೊಂದು, ತಾಯಿಗೊಂದು. ಅಂಬಿಗ ಕುಡಿಕೆಯನ್ನು ಕಿವಿಗೆ ಹಿಡಿದು ಕುಲುಕಿದ.

ಒಳಗೆ ಸದ್ದಾಯಿತು. ಒಂದು ಬೀಜ.

“ಒಂದು ಉಳದೈತಲ್ಲ,” ಎಂದ. “ಯಾರದಿದು?”

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಂಬಿಗ ಹೊಳೆಯ ಕಡೆ ತಿರುಗಿದ. ಇನ್ನೂ ಬೆಳಕಿತ್ತು. ದಿಬ್ಬ ಕಾಣುತ್ತಿತ್ತು. ಹರಿಗೋಲು ನೀರಿನಲ್ಲೇ ಇತ್ತು. ಒಮ್ಮೆ ಹೋಗಿ ಬರಬಹುದಿತ್ತು. ಆದರೆ ಬೆಳಗಿನಿಂದ ಹುಟ್ಟು ಹಾಕಿ ತೋಳು ಸೋತಿದ್ದವು.

ಆಗ ಬಾಣಂತಿಯ ಅತ್ತೆ ಗಟ್ಟಿಯಾಗಿ ನಕ್ಕುಬಿಟ್ಟಳು. ಕೂಸನ್ನು ಅವನ ಮುಖಕ್ಕೆ ಹಿಡಿದಳು.

“ಸುಡ್ಲಿ ನಿನ್ನ ಲೆಕ್ಕ! ಇಲ್ಲಿ ನೋಡಿಲ್ಲಿ. ಇದು ನಿನ್ನ ಹರಿಗೋಲಿನಾಗ ಬಂದಿಲ್ಲೇನು? ಇದಕ್ಕ ತಲಿ ಇಲ್ಲೇನು? ನನ್ನ ಮೊಮ್ಮಗಳ ಬೀಜ ಯಾರ ತಗೀಬೇಕೋ?”

ಎಲ್ಲರೂ ನಕ್ಕರು. ಅಂಬಿಗನೂ ನಕ್ಕ. ಇಳಿದವರಿಗೆ ತಲೆಗೊಂದು ಬೀಜ ಎಂಬ ಕಟ್ಟಳೆ ಮಾಡಿದವನು ಅವನೇ. ಕೂಸಿಗೂ ತಲೆ ಇತ್ತು, ಅದೂ ಇಳಿದಿತ್ತು. ಅವನ ಸೋತ ತೋಳಿಗೆ ಬೇಕಾಗಿದ್ದದ್ದೂ ಅಂಥ ಒಂದು ಮಾತೇ. ಕುಡಿಕೆಯನ್ನು ಬಗ್ಗಿಸಿ ಬೀಜವನ್ನು ಅಂಗೈಗೆ ಉರುಳಿಸಿಕೊಂಡ. ಬುಟ್ಟಿಗೆ ಹಾಕಲಿಲ್ಲ, ಅಜ್ಜಿಯ ಕೈಗೆ ಕೊಟ್ಟ.

“ತಗೋ, ನಿನ್ನ ಮೊಮ್ಮಗಳ ಮೊದಲನೇ ಗಳಿಕಿ. ಜ್ವಾಪಾನ ಇಟಕೋ,” ಎಂದ.

ಅಜ್ಜಿ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಅಂಬಿಗ ಕುಡಿಕೆಯನ್ನು ಮತ್ತೊಮ್ಮೆ ಕುಲುಕಿದ. ಸದ್ದಿರಲಿಲ್ಲ. ಹರಿಗೋಲನ್ನು ಮೇಲೆಳೆದು ಬೋರಲು ಹಾಕಿ ಮನೆಗೆ ಹೋದ.

ಮನೆಯಲ್ಲಿ ಹೆಂಡತಿ ರೊಟ್ಟಿ ಬಡಿದು ಕಾದಿದ್ದಳು. ಬಾಗಿಲ ಕಡೆ ನೋಡಿ, “ಅತ್ತಿ ಬರ್ಲಿಲ್ಲಲ್ಲ?” ಎಂದಳು.

“ಬಾಣಂತಿ ಮನ್ಯಾಗ ಉಳದಿರ್ತಾಳ. ಎಷ್ಟು ಹೆರಿಗಿಗೆ ಅಲ್ಲೇ ಮಲಗಿಲ್ಲ ಆಕಿ?”

“ದಾಟಿ ಬಂದಿದ್ದು ನೀವು ಕಂಡ್ರಿ?”

ಅಂಬಿಗನಿಗೆ ಸಿಟ್ಟು ಬಂತು. “ಕುಡಿಕಿ ಕುಲುಕಿ ಬಂದೀನಿ. ಖಾಲಿ ಐತಿ. ಇನ್ನೇನ ಕಾಣಬೇಕಾಗಿತ್ತು?”

ಹೆಂಡತಿ ರೊಟ್ಟಿ ಬಡಿಸಿದಳು. ನಿಜ ಹೇಳಬೇಕೆಂದರೆ ಅಂಬಿಗನ ಮನಸ್ಸಿನಲ್ಲೂ ಒಂದು ಮುಳ್ಳು ಆಡುತ್ತಿತ್ತು. ಬಾಣಂತಿಯ ಮನೆ ಅದೇ ಓಣಿಯ ಕೊನೆಯಲ್ಲಿತ್ತು. ಎದ್ದು ಹೋಗಿ ಒಂದು ಮಾತು ಕೇಳಬಹುದಿತ್ತು. ಖಾಲಿ ಕುಡಿಕೆ ನೆನಪಾಯಿತು. ಎದ್ದವನು ಹಾಗೇ ಕೂತ. ಉಂಡು ಮಲಗಿದ.

ಬೆಳಗಾಗುವ ಹೊತ್ತಿಗೆ ಹೊಳೆ ಬಂದಿತ್ತು.

ಊರೆಲ್ಲ ದಡಕ್ಕೆ ಓಡಿ ಬಂತು. ಕೆಂಪು ನೀರು ಎರಡು ದಡ ಹಿಡಿದು ಹೋಗುತ್ತಿತ್ತು. ದಿಬ್ಬ ಇದ್ದ ಕಡೆ ದಿಬ್ಬ ಇರಲಿಲ್ಲ, ನೀರು ಸುತ್ತಿ ಸುಳಿಯುತ್ತಿತ್ತು. ಚಪ್ಪರದ ಗಳಗಳು ಹೋದವು. ಕಲ್ಲಂಗಡಿಗಳು ಮುಳುಗಿ ಏಳುತ್ತ ಹೋದವು. ಕೆಲವು ಹೆಂಗಸರು ಬಾಯಿಗೆ ಸೆರಗು ಹಿಡಿದು ನಿಂತರು.

ಗೌಡ ಎಲ್ಲರಿಗೂ ಕೇಳುವ ಹಾಗೆ ಹೇಳಿದ. “ಬೆಳಿ ಹೋದರ ಹೋಗ್ಲಿ. ಒಂದು ಜೀವ ಹೋಗ್ಲಿಲ್ಲ. ಈ ಕುಡಿಕಿಗೆ ಒಂದು ಕಾಯಿ ಒಡೀಬೇಕು ನೋಡ್ರಿ.”

ಜನ ಹೌದೆಂದರು. ಯಾರೋ ಕಣಗಿಲೆಯ ಹೂ ತಂದು ಕುಡಿಕೆಯ ಕೊರಳಿಗೆ ಸುತ್ತಿದರು. ಅಂಬಿಗ ಮರದ ಕೆಳಗೆ ನಿಂತಿದ್ದ. ಅವನ ಎದೆ ಉಬ್ಬಿತ್ತು. ತಾಯಿ ಇಲ್ಲೇ ಎಲ್ಲಾದರೂ ನಿಂತು ಇದನ್ನು ಕೇಳಿಸಿಕೊಂಡಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಗುಂಪಿನಲ್ಲಿ ಆಕೆಗಾಗಿ ಕಣ್ಣಾಡಿಸಿದ.

ಬಾಣಂತಿಯ ಅತ್ತೆ ಜನರನ್ನು ಸರಿಸಿಕೊಂಡು ಬಂದಳು.

“ತಮ್ಮಾ, ನೀ ಇಲ್ಲಿ ನಿಂತಿ? ನಿಮ್ಮವ್ವನ್ನ ಕಳಸಪಾ. ನೀರು ಕಾದು ಕಾದು ಮರಳಾಕ ಹತ್ಯಾವ. ಕೂಸಿಗೆ ಎರೀಬೇಕು.”

ಅಂಬಿಗ ನಕ್ಕ. “ನಿಮ್ಮನ್ಯಾಗ ಮಲಗಿದಾಕಿನ ನಾ ಎಲ್ಲಿಂದ ಕಳಸಲಿ? ಎಬ್ಬಸು ಹೋಗು.”

“ನಮ್ಮನ್ಯಾಗ?”

ಆಕೆಯ ಮುಖದ ಮೇಲೆ ನಗು ಹಾಗೇ ಉಳಿದಿತ್ತು. ಅದನ್ನು ತೆಗೆಯುವಷ್ಟು ಹೊತ್ತು ಆಕೆಗೆ ಸಿಗಲಿಲ್ಲ.

“ನಮ್ಮನೀಗೆ ಬಂದೇ ಇಲ್ಲಲ್ಲೋ. ದಣದಾಳ, ನಿಮ್ಮನೀಗೆ ಹೋಗಿರ್ತಾಳ ಅಂತ ನಾವು...”

ಅಂಬಿಗ ಭಾವಮೈದನ ಕಡೆ ತಿರುಗಿದ. ಭಾವಮೈದ ಒಂದು ಹೆಜ್ಜೆ ಹಿಂದಕ್ಕೆ ಸರಿದ.

“ನನ್ನ ಹರಿಗೋಲಿನಾಗ ಬಂದಿಲ್ಲ ಭಾವ. ಬಾಣಂತಿ ಜೋಡಿ ನಿನ್ನದರಾಗ ಬರ್ತಾಳ ಅಂತ ತಿಳದು ನಾ ಮೊದಲ ಬಿಟ್ಟೆ.”

ಅಂಬಿಗ ಕುಡಿಕೆಗೆ ಕೈ ಹಾಕಿದ. ಕೊರಳಿನ ಹೂವನ್ನು ಕಿತ್ತೆಸೆದ. ಕಿವಿಗೆ ಹಿಡಿದು ಕುಲುಕಿದ. ಸದ್ದಿರಲಿಲ್ಲ. ಬೋರಲು ಮಾಡಿ ಬುಡ ತಟ್ಟಿದ. ಏನೂ ಬೀಳಲಿಲ್ಲ. ಕಿರುಬೆರಳು ತೂರಿಸಿ ತಡಕಿದ. ಆಮೇಲೆ ಅದನ್ನು ಎತ್ತಿ ಗೌಡನಿಗೆ ತೋರಿಸಿದ, ಜನರಿಗೆ ತೋರಿಸಿದ.

“ಖಾಲಿ ಐತಿ,” ಎಂದ. “ನೋಡ್ರಿ ನೀವ. ಖಾಲಿ ಐತಿ. ಎಲ್ಲಾರೂ ಬಂದಾರ.”



ಬಾಣಂತಿಯ ಅತ್ತೆಯ ಕೈ ಸೆರಗಿನ ತುದಿಗೆ ಹೋಯಿತು. ಗಂಟು ಬಿಚ್ಚಿದಳು. ಬೀಜ ಅಂಗೈಯಲ್ಲಿತ್ತು.

“ಕೂಸು ಬೆಳಿಗ್ಗಿ ಬೀಜ ಹಾಕಿರ್ಲಿಲ್ಲ,” ಎಂದಳು. ತನಗೆ ತಾನೇ ಹೇಳಿಕೊಂಡ ಹಾಗಿತ್ತು. “ಅದು ಇನ್ನೂ ಹುಟ್ಟೇ ಇರ್ಲಿಲ್ಲ.”

ಅಂಬಿಗ ಆ ಬೀಜವನ್ನು ನೋಡಿದ. ಕಂದು ಬಣ್ಣದ ನುಣುಪಾದ ಹುಣಸೆ ಬೀಜ. ಬುಟ್ಟಿಯಲ್ಲಿದ್ದ ಉಳಿದ ಬೀಜಗಳ ಹಾಗೇ ಇತ್ತು. ಬೀಜಕ್ಕೆ ಮುಖವಿಲ್ಲ. ಕೂಸಿನದು ಎಂದು ಹಿಡಿದರೆ ಅದು ಅಲ್ಲ ಎನ್ನುವುದಿಲ್ಲ. ನಿನ್ನೆ ಕುಡಿಕೆ ತಪ್ಪಿರಲಿಲ್ಲ. ಒಬ್ಬರು ಉಳಿದಿದ್ದಾರೆ ಎಂದು ಅದು ಅವನ ಕಿವಿಯಲ್ಲೇ ಹೇಳಿತ್ತು. ಹೇಳಿದ್ದನ್ನು ಅವನು ಬಗ್ಗಿಸಿ ಹೊರಗೆ ತೆಗೆದಿದ್ದ. ಅದು ಸುಮ್ಮನಾದ ಮೇಲೆ, ಈಗ ಸರಿಯಾಯಿತು ಎಂದುಕೊಂಡಿದ್ದ.

ಕೂಸಿನ ತಂದೆ ಮುಂದೆ ಬಂದ.

“ನಾ ಕರದಿದ್ದೆ ಅಣ್ಣಾ. ‘ಕತ್ತಲಾಕ್ಕೈತಿ ಅವ್ವಾ, ಈಗ ನಮ್ಮ ಜೋಡಿನ ಬಾ’ ಅಂದೆ. ಆಕಿ ನಕ್ಕಳು. ‘ನನ್ನ ಬೀಜ ಒಳಗೈತಿ. ಅದು ಇರೂತನ ನನ್ನ ಮಗ ಹೊಳಿ ಬಿಟ್ಟು ಹೋಗಂಗಿಲ್ಲ’ ಅಂದ್ಲು.”

ಅಂಬಿಗ ಹರಿಗೋಲನ್ನು ಎಳೆದುಕೊಂಡು ನೀರಿಗೆ ಓಡಿದ. ಜನ ಬಿದ್ದು ಅವನನ್ನು ಹಿಡಿದರು. ಕೈಯಿಂದ ಜಾರಿದ ಹರಿಗೋಲನ್ನು ನೀರು ಒಂದು ಸುತ್ತು ತಿರುಗಿಸಿ ಒಯ್ದುಬಿಟ್ಟಿತು. ಆ ದಡದಲ್ಲಿ ನಿಂತು ಒಬ್ಬರನ್ನು ಕರೆದು ಕೂಗಿ ಅವನಿಗೆ ಎಷ್ಟೋ ದಿನವಾಗಿತ್ತು. ಅಂದು ಕೂಗಿದ. ಹಿಡಿದವರ ಕೈಯಲ್ಲೇ ನಿಂತು, ಗಂಟಲು ಹರಿಯುವವರೆಗೆ ಕೂಗಿದ. ಕೆಂಪು ನೀರು ಅವನ ಕೂಗಿನ ಮೇಲೆ ಹರಿದು ಹೋಯಿತು.

ಆಕೆ ಸಿಗಲಿಲ್ಲ.

ಮತ್ತೆ ಬೇಸಿಗೆ ಬಂದು ಹೊಳೆ ಇಳಿಯಿತು. ದಿಬ್ಬ ಎದ್ದಿತು. ಜನ ಮತ್ತೆ ಗುಣಿ ತೋಡಿದರು, ಬೀಜ ಊರಿದರು. ಅಂಬಿಗ ಇನ್ನೊಂದು ಹರಿಗೋಲು ಕಟ್ಟಿದ. ಮರಕ್ಕೆ ಕುಡಿಕೆ ಕಟ್ಟಲಿಲ್ಲ. ಕಟ್ಟೆಂದು ಯಾರೂ ಹೇಳಲೂ ಇಲ್ಲ. ಸಂಜೆ ಕೊನೆಯ ಸಲ ಹೋದಾಗ ಅವನು ದಿಬ್ಬದ ಮೇಲಿನ ತುದಿಯಲ್ಲಿ ಇಳಿದು ನಡೆಯುತ್ತಾನೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗುತ್ತಾನೆ. ಓ ಎಂದವರ ಹತ್ತಿರ ಹೋಗಿ ಮುಖ ನೋಡುತ್ತಾನೆ. ಆ ಮಳಲಿನ ಮೇಲೆ ಹುಟ್ಟಿದ ಕೂಸು ಈಗ ತಾಯಿಯ ಸೊಂಟದ ಮೇಲಿರುತ್ತದೆ. ಅದರ ಹೆಸರನ್ನೂ ಕೂಗುತ್ತಾನೆ, ತಾಯಿ ಓ ಎನ್ನುತ್ತಾಳೆ. ಎಲ್ಲರೂ ಹರಿಗೋಲಿಗೆ ಬಂದ ಮೇಲೆ ಅವನು ಕೆಳಗಿನ ತುದಿಗೆ ಹೋಗಿ ಇನ್ನೊಂದು ಸಲ ಕೂಗುತ್ತಾನೆ. ‘ಅವ್ವಾ’ ಎಂದಷ್ಟೇ. ಸ್ವಲ್ಪ ಹೊತ್ತು ನಿಂತು ಕೇಳಿಸಿಕೊಳ್ಳುತ್ತಾನೆ. ಹರಿಗೋಲಿನಲ್ಲಿ ಕೂತವರು ಗೊಣಗುವುದಿಲ್ಲ. ಬೇಗ ಬಾ ಎನ್ನುವುದಿಲ್ಲ. ಅವನು ತಿರುಗಿ ಬರುವವರೆಗೆ ತಲೆ ತಗ್ಗಿಸಿ ಕೂತಿರುತ್ತಾರೆ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಮುರಿಗೆಯ್ಯ ಲೆಕ್ಕದವನು. ತಪ್ಪು ಎಲ್ಲಾಯಿತು ಎಂದು ಒಳಗೇ ಹುಡುಕುತ್ತಿದ್ದ, ಸಿಕ್ಕಿತು.

“ತಪ್ಪಾದದ್ದು ಒಂದೇ ಕಡೆ ಗುರುಗಳೇ,” ಎಂದ. “ಕೂಸು ಹುಟ್ಟಿದಾಗ ಅದರ ಹೆಸರಿನಲ್ಲಿ ಒಂದು ಬೀಜ ಹಾಕಬೇಕಾಗಿತ್ತು. ಹಾಕಿದ್ದರೆ ಲೆಕ್ಕ ಕೆಡುತ್ತಿರಲಿಲ್ಲ. ಪಾಪ, ಅಂಬಿಗ ಎಚ್ಚರ ತಪ್ಪಿದ. ನಾನು ಹಾಗೆ ಬಿಡುವವನಲ್ಲ. ಇವತ್ತೂ ಎರಡೆರಡು ಸಲ ಎಣಿಸಿದ್ದೇನೆ. ಮಠದಲ್ಲಿ ನಾವಿರುವವರು ಇಪ್ಪತ್ತಾರು. ಹಿತ್ತಲಲ್ಲಿ ಬಿದ್ದ ಎಲೆಯೂ ಸರಿಯಾಗಿ ಇಪ್ಪತ್ತಾರು.”

ಗುರುಗಳು ಕೂತಲ್ಲಿಂದ ತಟ್ಟನೆ ಎದ್ದರು. ಹಾಸಿದ್ದ ಹೊಸ ಕಂಬಳಿ ಅವರ ಕಾಲಿಗೆ ಸಿಕ್ಕಿ ಮುದುರಿತು. ಹಿಂದಿನ ಸಾಲಿನ ಕೋಣೆಗಳ ಕಡೆ ನೋಡಿದರು, ಆಮೇಲೆ ಶಿಷ್ಯನ ಕಡೆ.

“ಈ ಕಂಬಳಿ ತಂದವನೂ ನನ್ನ ಪಕ್ಕದಲ್ಲೇ ಕೂತು ಉಂಡು ಹೋದನಲ್ಲ ಮುರಿಗೆಯ್ಯ, ಅವನ ಎಲೆ ಅದರಲ್ಲಿ ಯಾವುದು?”